ಚರ್ಚ್ ಅಂಗಳದಲ್ಲಿ ಸುಮ್ನೆ ಕೂರಲು ಒಂದು ತೋಟ

ನಮ್ಮ ಚರ್ಚಿನ ಹಿಂಭಾಗದಲ್ಲಿ ಒಂದು ನಲ್ಲಿ ಇದೆ. ಅದರ ಪಕ್ಕ ಒಂದು ಹಳೇ ಬಕೆಟ್ ಯಾವಾಗಲೂ ಬೋರಲಾಗಿ ಬಿದ್ದಿರುತ್ತಿತ್ತು. ಭಾನುವಾರದ ಪೂಜೆ ಮುಗಿದ ಮೇಲೆ ಎಲ್ಲರೂ ಮುಂದಿನ ಗೇಟಿನ ಕಡೆ ನಡೆದರೆ, ಒಬ್ಬ ತಾತ ಮಾತ್ರ ಹಿಂದಕ್ಕೆ ಹೋಗಿ ಆ ಬಕೆಟ್ ಮೇಲೆ ಕೂರುತ್ತಿದ್ದರು. ಹತ್ತು ನಿಮಿಷ, ಕೆಲವು ಸಲ ಅರ್ಧ ಗಂಟೆ. ಯಾರ ಜೊತೆಗೂ ಮಾತಿಲ್ಲ. ಮಕ್ಕಳು ಅವರಿಗೆ ‘ಬಕೆಟ್ ತಾತ’ ಅಂತ ಹೆಸರಿಟ್ಟಿದ್ದರು.

ಆ ಹಿತ್ತಲನ್ನು ಎಲ್ಲರೂ ಸೇರಿ ತೋಟ ಮಾಡೋಣ ಎಂಬ ಮಾತು ಬಂದಾಗ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು 28 ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು. ಪೆನ್ಸಿಲ್ ಕೈಗೆ ಸಿಕ್ಕರೆ ಕೇಳಬೇಕೇ? ಕಾರಂಜಿ, ಬಳ್ಳಿ ಹಬ್ಬಿದ ಕಮಾನು, ನಡುವೆ ಆಳೆತ್ತರದ ಶಿಲ್ಪ, ಎಲ್ಲ ಬರೆದೆ. ನಲ್ಲಿಯ ಪಕ್ಕ ಗೊಬ್ಬರದ ಗುಂಡಿ ತೋರಿಸಿದೆ. ಫಾದರ್ ನಕ್ಷೆಯನ್ನು ತುಂಬ ಹೊತ್ತು ನೋಡಿ ಒಂದೇ ಮಾತು ಕೇಳಿದರು: “ಚೆನ್ನಾಗಿದೆ ಟೀಚರ್. ತಾತ ಎಲ್ಲಿ ಕೂರ್ತಾರೆ?”

ಆ ನಕ್ಷೆ ಈಗಲೂ ನನ್ನ ಬೀರುವಿನಲ್ಲಿದೆ. ಇಂಥ ತೋಟ ಮಾಡುವುದು ಹೇಗೆ ಎಂದು ಯಾರಾದರೂ ಕೇಳಿಕೊಂಡು ಬಂದರೆ ಮೊದಲು ಅದನ್ನೇ ತೆಗೆದು ತೋರಿಸುತ್ತೇನೆ, ಹೀಗೆ ಮಾಡಬೇಡಿ ಎಂದು. ನಾವು ಕೊನೆಗೆ ಮಾಡಿದ ತೋಟದಲ್ಲಿ ಸರದಿ ಬೇರೆಯೇ ಆಯಿತು. ಮೊದಲು ಕೂರುವ ಜಾಗ, ಆಮೇಲೆ ನಡೆಯುವ ದಾರಿ, ಆಮೇಲೆ ಗಿಡ, ಎಲ್ಲಕ್ಕಿಂತ ಕೊನೆಗೆ ಕಲೆ. ಡ್ರಾಯಿಂಗ್ ಟೀಚರ್ ಬಾಯಲ್ಲಿ ಇದು ಸುಲಭವಾಗಿ ಬರುವ ಮಾತಲ್ಲ.

ನಾಲ್ಕು ಭಾನುವಾರ ಬರೀ ನೋಡಿ

ಗುದ್ದಲಿ ಮುಟ್ಟುವ ಮೊದಲು ಒಂದು ತಿಂಗಳು ನೋಡುವುದಕ್ಕೇ ಇಟ್ಟುಕೊಳ್ಳಿ. ಜಾಗದ ಅಳತೆ ತೆಗೆದು ಒಂದು ಹಾಳೆಯಲ್ಲಿ ಗೋಡೆ, ಮರ, ನಲ್ಲಿ, ಗೇಟು ಗುರುತಿಸಿ. ಅದರ ಹತ್ತು ಜೆರಾಕ್ಸ್ ಮಾಡಿಸಿ. ಒಂದು ಹಾಳೆಯಲ್ಲಿ ಜನ ತಾವಾಗಿಯೇ ನಿಲ್ಲುವ ಕಡೆಯೆಲ್ಲ ಚುಕ್ಕಿ ಇಡಿ. ಪೂಜೆ ಮುಗಿದ ಮೇಲೆ ನೋಡಿ, ಮದುವೆಯ ದಿನ ನೋಡಿ, ಮುಖ್ಯವಾಗಿ ಯಾರನ್ನಾದರೂ ಮಣ್ಣು ಮಾಡಿ ಬಂದ ದಿನ ನೋಡಿ. ಸಾವಿನ ಮನೆಯವರು ಗುಂಪಿನಿಂದ ಸ್ವಲ್ಪ ಸರಿದು ಎಲ್ಲಿ ನಿಲ್ಲುತ್ತಾರೆ? ಅಂಥ ಎರಡು ಮೂರು ಜಾಗ ಪ್ರತಿ ಚರ್ಚಿನಲ್ಲೂ ಇದ್ದೇ ಇರುತ್ತವೆ. ನಿಮ್ಮ ತೋಟ ಅಲ್ಲಿಂದಲೇ ಶುರುವಾಗಲಿ.

ಇನ್ನೊಂದು ಹಾಳೆ ಬಿಸಿಲಿಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿ ಬೀಳುತ್ತದೆ ಎಂದು ಗೆರೆ ಎಳೆಯಿರಿ. ತರಕಾರಿಗೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಚರ್ಚ್ ಕಟ್ಟಡ ಎತ್ತರ, ಹಾಗಾಗಿ ಅದರ ನೆರಳೂ ಉದ್ದ. ಋತು ಬದಲಾದಂತೆ ಆ ನೆರಳು ಸರಿಯುತ್ತದೆ ಕೂಡ.

ಮಳೆ ನಿಂತು ಒಂದು ಗಂಟೆ ಆದ ಮೇಲೆ ಹೋಗಿ ನೀರು ಎಲ್ಲೆಲ್ಲಿ ನಿಂತಿದೆ ನೋಡಿ. ಚಾವಣಿಯ ನೀರು ಧಾರೆಯಾಗಿ ಸುರಿಯುವ ಕಡೆಯೇ ಬೆಂಚು ಹಾಕಿದವರನ್ನು ನಾನು ಬಲ್ಲೆ. ಬೇರೆ ಯಾರೂ ಅಲ್ಲ, ನಾವೇ.

ಅಪ್ಪಣೆ, ಗೋರಿ, ಬೇರು

ಫಾದರ್ ಹೂಂ ಅಂದರೆ ಮುಗಿಯಿತು ಎಂದುಕೊಳ್ಳಬೇಡಿ. ಜಮೀನು ಧರ್ಮಪ್ರಾಂತ್ಯದ ಹೆಸರಿನಲ್ಲೋ ಟ್ರಸ್ಟಿನ ಹೆಸರಿನಲ್ಲೋ ಇರಬಹುದು. ಕಟ್ಟಡ ಹಳೆಯದಾದರೆ ಪಾರಂಪರಿಕ ಪಟ್ಟಿಯಲ್ಲಿರಬಹುದು. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ ಇಂಥ ಬದಲಾವಣೆಗೆ ‘ಫ್ಯಾಕಲ್ಟಿ’ ಎಂಬ ಅಪ್ಪಣೆ ಪತ್ರದ ಪದ್ಧತಿಯೇ ಇದೆ. ನೀವು ಎಲ್ಲೇ ಇರಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಷ್ಟು ಜಾಗ, ಎಷ್ಟು ವರ್ಷ, ಏನಾದರೂ ಕಿತ್ತು ಹಾಕಬೇಕಾಗಿ ಬಂದರೆ ಯಾರ ತೀರ್ಮಾನ, ಈ ಮೂರೂ ಅದರಲ್ಲಿ ಇರಲಿ. ಫಾದರ್‌ಗೆ ವರ್ಗವಾಗುತ್ತದೆ, ತೋಟಕ್ಕೆ ಆಗಲ್ಲ.

ಕಮಿಟಿಯಲ್ಲಿ “ಇದರಿಂದ ಏನು ಉಪಯೋಗ?” ಎಂದು ಒಬ್ಬರಾದರೂ ಕೇಳೇ ಕೇಳುತ್ತಾರೆ. ನಾನು ತಯಾರಾಗಿ ಹೋಗಿದ್ದೆ. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರೋಜರ್ ಉಲ್ರಿಕ್ ಎಂಬವರ ಅಧ್ಯಯನ ಬಂದಿತ್ತು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನಕ್ಕೆ ಕಿಟಕಿಯಲ್ಲಿ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಕಮಿಟಿಯವರು ಮರ್ಯಾದೆಗೆ ತಲೆಯಾಡಿಸಿದರು. ಒಪ್ಪಿಗೆ ಸಿಕ್ಕಿದ್ದು ಮಾತ್ರ ಚುಕ್ಕಿ ಇಟ್ಟ ಹಾಳೆ ತೋರಿಸಿದಾಗ. “ಅರೆ, ಈ ಚುಕ್ಕಿ ನಾನಲ್ವಾ?” ಎಂದರು ಖಜಾಂಚಿ. ಅವರೇ ಅಲ್ಲಿಯವರೆಗೆ ಬೇಡ ಅನ್ನುತ್ತಿದ್ದವರು.

ಅಂಗಳದಲ್ಲಿ ಸಮಾಧಿಗಳಿದ್ದರೆ ಹಳೇ ದಾಖಲೆ ಪುಸ್ತಕ ತೆಗೆಸಿ ನೋಡಿ. ಕಲ್ಲಿಲ್ಲದ ಗೋರಿಗಳು ಇರುತ್ತವೆ. ಅನುಮಾನ ಇರುವ ಕಡೆ ಅಗೆಯಲೇಬೇಡಿ. ನೆಲದ ಮೇಲೆ ಕುಂಡ ಇಡಿ. ಗೋರಿ ಮತ್ತು ತೋಟ ಒಂದಕ್ಕೊಂದು ಹೊಂದಲ್ಲ ಎಂದು ನಮ್ಮಲ್ಲಿ ಕೆಲವರು ಗೊಣಗಿದರು. 9ನೇ ಶತಮಾನದ ಮೊದಲ ಭಾಗದಲ್ಲಿ ಬರೆದ ಸೇಂಟ್ ಗಾಲ್ ಮಠದ ನಕ್ಷೆ ಸ್ವಿಟ್ಜರ್ಲೆಂಡಿನಲ್ಲಿ ಇಂದಿಗೂ ಉಳಿದಿದೆ. ಅದರಲ್ಲಿ ತರಕಾರಿಗೆ 18 ಮಡಿ, ಔಷಧಿ ಗಿಡಕ್ಕೆ 16 ಮಡಿ ತೋರಿಸಿದ್ದಾರೆ. ಹಣ್ಣಿನ ಮರಗಳು ಎಲ್ಲಿ ಗೊತ್ತಾ? ಸನ್ಯಾಸಿಗಳ ಗೋರಿಗಳ ನಡುವೆ. ಗೊಣಗಾಟ ಪೂರ್ತಿ ನಿಲ್ಲಲಿಲ್ಲ, ದನಿ ಮಾತ್ರ ಇಳಿಯಿತು.

ದೊಡ್ಡ ಮರಗಳ ವಿಷಯದಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ತೆಗೆದು 12ರಿಂದ ಗುಣಿಸಿ. ಕಾಂಡ 50 ಸೆಂಟಿಮೀಟರ್ ಇದ್ದರೆ ಸುತ್ತ 6 ಮೀಟರ್ ಬೇರಿನ ಜಾಗ. ಅಷ್ಟರೊಳಗೆ ಅಗೆಯುವುದು, ಕಾಂಕ್ರೀಟ್ ಹಾಕುವುದು, ಮಣ್ಣು ಪೇರಿಸುವುದು ಯಾವುದೂ ಬೇಡ. ಉಸಿರಾಡುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಅಡಿಯಲ್ಲೇ ಇರುತ್ತವೆ. ಬುಡಕ್ಕೆ ಚೆಂದಕ್ಕೆಂದು ಕಟ್ಟೆ ಕಟ್ಟಿ ಮಣ್ಣು ತುಂಬಿದರೆ ಮರ ತಕ್ಷಣ ಸಾಯಲ್ಲ. ನಾಲ್ಕೈದು ವರ್ಷ ಬಿಟ್ಟು ಒಣಗಲು ಶುರುವಾದಾಗ ಕಾರಣ ಯಾರಿಗೂ ನೆನಪಿರಲ್ಲ.

ಬೆಂಚು

ಬೆಂಚಿನ ಕೂರುವ ಮಟ್ಟ ನೆಲದಿಂದ ಸುಮಾರು 45 ಸೆಂಟಿಮೀಟರ್ ಇರಲಿ. ಬೆನ್ನಿಗೆ ಆಸರೆ ಬೇಕು, ಕೈ ಇಡಲು ಹಿಡಿಯೂ ಬೇಕು. ವಯಸ್ಸಾದವರು ಏಳುವಾಗ ಆ ಹಿಡಿಯ ಮೇಲೆಯೇ ಭಾರ ಹಾಕುವುದು. ಬೆನ್ನ ಹಿಂದೆ ಗೋಡೆಯೋ ಪೊದೆಯೋ ಇದ್ದರೆ ಮನಸ್ಸಿಗೆ ಧೈರ್ಯ. ಎದುರಿಗೆ ಬಯಲಿರಲಿ, ಯಾರಾದರೂ ಬರುತ್ತಿದ್ದರೆ ದೂರದಿಂದಲೇ ಕಾಣಲಿ. ಪೂರ್ತಿ ಮರೆಯಾದ ಮೂಲೆ ನೋಡಲು ಚೆಂದ, ಒಬ್ಬಳೇ ಕೂರುವ ಹೆಂಗಸಿಗೆ ಅಲ್ಲ. ಒಂದು ಬೆಂಚು ಇಬ್ಬರಿಗೆ, ಇನ್ನೊಂದು ಸೀಟು ಒಬ್ಬರಿಗೇ. ಇದನ್ನು ಎಲ್ಲರೂ ಮರೆಯುತ್ತಾರೆ. ದುಃಖದಲ್ಲಿರುವವರು ಉದ್ದ ಬೆಂಚಿನ ತುದಿಯಲ್ಲಿ ಕೂತರೆ ಪಕ್ಕದಲ್ಲಿ ಯಾರೋ ಬಂದು ಸಮಾಧಾನ ಹೇಳಲು ಶುರು ಮಾಡುತ್ತಾರೆ. ಬೆಂಚಿನ ಪಕ್ಕ ವೀಲ್‌ಚೇರ್ ನಿಲ್ಲುವಷ್ಟು, ಅಂದರೆ 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ಗಟ್ಟಿ ನೆಲ ಬಿಡಿ.

ಇನ್ನು ನಮ್ಮ ಕತೆ. ಬಕೆಟ್ ಎತ್ತಿಟ್ಟು, ಗೋಡೆಯ ಕಿಟಕಿಗೆ ಸರಿಯಾಗಿ ನಡುವೆ ಬರುವಂತೆ ಬೆಂಚು ಕೂರಿಸಿದೆ. ಬಕೆಟ್ ಇದ್ದ ಜಾಗದಿಂದ ನಾಲ್ಕು ಅಡಿ ಆಚೆ, ಅಷ್ಟೇ. ನನ್ನ ಕಣ್ಣಿಗೆ ಅಳತೆ ತಪ್ಪಿದರೆ ನಿದ್ದೆ ಬರಲ್ಲ. ಭಾನುವಾರ ತಾತ ಬಂದರು. ಬೆಂಚಿನ ಮೇಲೆ ಕೂತರು. ಎರಡು ನಿಮಿಷದಲ್ಲಿ ಎದ್ದು ಬಕೆಟ್ ಹುಡುಕಿ ತಂದು ಹಳೇ ಜಾಗದಲ್ಲಿ ಹಾಕಿಕೊಂಡರು. ಹೋಗಿ ಕೇಳಿದೆ. “ಅಲ್ಲಿಂದ ಕಾಣಲ್ಲಮ್ಮ” ಅಂದರು. ಏನು ಕಾಣಲ್ಲ ಎಂದು ನಾನು ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ನಾನೇ ಆ ಬಕೆಟ್ ಮೇಲೆ ಕೂತೆ. ಎರಡು ಮರಗಳ ಸಂದಿಯಲ್ಲಿ ಸಿಮೆಟರಿಯ ಗೇಟು, ಅದರಾಚೆ ಎರಡು ಸಾಲು ಗೋರಿ ಕಾಣುತ್ತವೆ. ಬೆಂಚಿನಿಂದ ನೋಡಿದರೆ ಮರದ ಕಾಂಡ ಅಡ್ಡ ಬರುತ್ತದೆ. ಮರುದಿನವೇ ಬೆಂಚು ಸರಿಸಿದೆವು. ಪುಣ್ಯಕ್ಕೆ ಇನ್ನೂ ಕಾಂಕ್ರೀಟ್ ಹಾಕಿರಲಿಲ್ಲ. ಅದಕ್ಕೇ ಹೇಳುವುದು, ಯಾವ ಸೀಟನ್ನೂ ಒಂದು ತಿಂಗಳು ಭದ್ರ ಮಾಡಬೇಡಿ. ಕುರ್ಚಿ ಇಟ್ಟು ಕೂತು ನೋಡಿ. ನಿಂತಾಗ ಕಾಣುವುದೇ ಬೇರೆ, ಕೂತಾಗ ಕಾಣುವುದೇ ಬೇರೆ.

ತಾತ ಈಗ ಬೆಂಚಿನ ಮೇಲೆಯೇ ಕೂರುತ್ತಾರೆ. ಬಕೆಟ್ ಮೇಲೆ ಕಾಲು ಚಾಚಿಕೊಳ್ಳುತ್ತಾರೆ.

ದಾರಿ, ಮತ್ತು ದಾರಿ ತಪ್ಪಿಸದ ಸುತ್ತು

ಸಾಧಾರಣ ದಾರಿಗೆ ಜಾಸ್ತಿ ಹೇಳುವುದಿಲ್ಲ. ಅಗಲ 120 ಸೆಂಟಿಮೀಟರ್. ಎರಡು ವೀಲ್‌ಚೇರ್ ಎದುರುಬದುರಾಗುವ ಕಡೆ 180. ಏರು 20 ಅಡಿಗೆ 1 ಅಡಿಗಿಂತ ಜಾಸ್ತಿ ಬೇಡ. ಸಡಿಲ ಜಲ್ಲಿ ಬೇಡವೇ ಬೇಡ, ಗಾಲಿ ಹೂತುಹೋಗುತ್ತದೆ, ಊರುಗೋಲೂ ಜಾರುತ್ತದೆ.

ಲ್ಯಾಬಿರಿಂತ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ನಮ್ಮ ತೋಟದಲ್ಲಿ ಜನ ಹೆಚ್ಚು ಕೇಳುವುದು ಅದನ್ನೇ. ನಮಗೆ ಚಕ್ರವ್ಯೂಹ ಅಂದರೆ ಅಭಿಮನ್ಯು ನೆನಪಾಗುತ್ತಾನೆ, ಒಳಗೆ ಹೋದವನಿಗೆ ಹೊರಗೆ ಬರಲು ಗೊತ್ತಿರಲಿಲ್ಲ. ಇದರಲ್ಲಿ ಆ ಭಯ ಇಲ್ಲ. ಕವಲುಗಳಿಲ್ಲ. ಒಂದೇ ದಾರಿ ಸುತ್ತಿ ಸುತ್ತಿ ನಡುವಿಗೆ ಒಯ್ಯುತ್ತದೆ, ಅದೇ ದಾರಿ ಹೊರಗೆ ತರುತ್ತದೆ. ದಾರಿ ಹುಡುಕುವ ಕೆಲಸ ಇಲ್ಲದ್ದರಿಂದ ತಲೆ ಹಗುರಾಗುತ್ತದೆ. ಫ್ರಾನ್ಸಿನ ಷಾರ್ತ್ರ್ ಕೆಥೆಡ್ರಲ್ ನೆಲದಲ್ಲಿ 13ನೇ ಶತಮಾನದ ಆರಂಭದಲ್ಲಿ ಹಾಸಿದ ಲ್ಯಾಬಿರಿಂತ್ ಇದೆ. ಹೆಚ್ಚುಕಡಿಮೆ 13 ಮೀಟರ್ ಅಗಲ, 11 ಸುತ್ತು. ರೈಮ್ಸ್ ಕೆಥೆಡ್ರಲ್‌ನಲ್ಲೂ ಒಂದಿತ್ತು. ಪೂಜೆಯ ಹೊತ್ತಿನಲ್ಲಿ ಮಕ್ಕಳು ಅದರ ಮೇಲೆ ಓಡಾಡಿ ಗಲಾಟೆ ಮಾಡುತ್ತಾರೆ ಎಂದು 18ನೇ ಶತಮಾನದ ಕೊನೆಯ ಹೊತ್ತಿಗೆ ಕಿತ್ತು ಹಾಕಿದರಂತೆ. ನಮ್ಮಲ್ಲೂ ಮಕ್ಕಳು ಓಡುತ್ತಾರೆ. ಓಡಲಿ ಬಿಡಿ.

ಅಷ್ಟು ದೊಡ್ಡದು ಬೇಕಿಲ್ಲ. ಮೂರು ಸುತ್ತಿನದಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಮಟ್ಟಸ ಜಾಗ ಸಾಕು. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸ ಇರುವವರಿಗೆ ಇದು ಹತ್ತು ನಿಮಿಷದ ಕೆಲಸ. ಮೊದಲು ಕಾಗದದ ಮೇಲೆ ಹಾಕಿ ನೋಡಿ.

ಒಂದು ಪ್ಲಸ್ ಗುರುತು ಬರೆಯಿರಿ, ನಾಲ್ಕೂ ತೋಳು ಸಮ. ತೋಳುಗಳ ನಡುವಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ಚುಕ್ಕಿ ಇಡಿ. ನಿಮ್ಮ ಕಡೆ ಇರುವುದು ಕೆಳಗೆ, ಅಲ್ಲೇ ಬಾಗಿಲು ಬರುವುದು. ಈಗ ಪ್ಲಸ್ಸಿನ ಮೇಲಿನ ತುದಿಯನ್ನು ಮೇಲಿನ ಬಲ ಚುಕ್ಕಿಗೆ ಸಣ್ಣ ಕಮಾನಿನಂತೆ ಸೇರಿಸಿ. ಮೇಲಿನ ಎಡ ಚುಕ್ಕಿಯಿಂದ ಹೊರಟು ಆ ಕಮಾನಿನ ಮೇಲೆ ಹಾದು ಪ್ಲಸ್ಸಿನ ಬಲ ತುದಿಗೆ ಬನ್ನಿ. ಪ್ಲಸ್ಸಿನ ಎಡ ತುದಿಯಿಂದ ಹೊರಟು ಎಲ್ಲದರ ಮೇಲೆ ಹಾದು ಕೆಳಗಿನ ಬಲ ಚುಕ್ಕಿಗೆ ಬನ್ನಿ. ಕೊನೆಗೆ ಕೆಳಗಿನ ಎಡ ಚುಕ್ಕಿಯಿಂದ ಹೊರಟು ಪೂರ್ತಿ ಸುತ್ತಿಕೊಂಡು ಪ್ಲಸ್ಸಿನ ಕೆಳಗಿನ ತುದಿಗೆ. ಮುಗಿಯಿತು. ಕೆಳಗಿನ ಎಡ ಚುಕ್ಕಿಗೂ ಪ್ಲಸ್ಸಿನ ಕಾಲಿಗೂ ನಡುವೆ ಉಳಿದ ಬಾಯಿಯೇ ಬಾಗಿಲು. ಗೆರೆ ಗೋಡೆ, ಗೆರೆಗಳ ನಡುವಿನ ಜಾಗ ದಾರಿ.

ನೆಲದ ಮೇಲೆ ಹಾಕುವಾಗ ಗೆರೆಯಿಂದ ಗೆರೆಗೆ 60 ಸೆಂಟಿಮೀಟರ್ ಇಟ್ಟುಕೊಳ್ಳಿ. ಪ್ಲಸ್ಸಿನ ಪ್ರತಿ ತೋಳೂ ನಡುವಿನಿಂದ 60 ಸೆಂಟಿಮೀಟರ್. ಪ್ಲಸ್ಸನ್ನು ಜಾಗದ ಸರಿಯಾಗಿ ನಡುವೆ ಇಡಬೇಡಿ, ಬಾಗಿಲ ಕಡೆಗೆ ಸ್ವಲ್ಪ ಸರಿಸಿ, ಯಾಕೆಂದರೆ ಸುತ್ತುಗಳೆಲ್ಲ ಮೇಲ್ಗಡೆಗೆ ಬೆಳೆಯುತ್ತವೆ. 60 ಸೆಂಟಿಮೀಟರಿನ ಒಂದು ಕೋಲು ಕೈಯಲ್ಲಿಟ್ಟುಕೊಂಡು ಹಿಂದಿನ ಗೆರೆಯಿಂದ ಅಳೆಯುತ್ತಾ ಹೋಗಿ. ಮೊದಲು ಸುಣ್ಣದ ಪುಡಿ ಉದುರಿಸಿ, ಒಂದು ವಾರ ಜನ ನಡೆದು ನೋಡಲಿ. ಆಮೇಲೆ ಕಲ್ಲು ಹೂಳಿ, ಕಲ್ಲಿನ ತಲೆ ನೆಲಮಟ್ಟದಲ್ಲೇ ಇರಲಿ. ಇಲ್ಲದಿದ್ದರೆ ಯಾರಾದರೂ ಎಡವುತ್ತಾರೆ, ಹುಲ್ಲು ಕತ್ತರಿಸುವ ಮಿಷನ್ನೂ ಎಡವುತ್ತದೆ. ವೀಲ್‌ಚೇರ್ ಹೋಗಬೇಕೆಂದರೆ ದಾರಿ 90 ಸೆಂಟಿಮೀಟರಾದರೂ ಬೇಕು, ಜಾಗವನ್ನೂ ಅದೇ ಲೆಕ್ಕದಲ್ಲಿ ಹಿಗ್ಗಿಸಿ. ಜಾಗವೇ ಇಲ್ಲವೇ? ಅಂಗೈ ಅಗಲದ ಮಣ್ಣಿನ ಹಲಗೆಯಲ್ಲಿ ಇದೇ ದಾರಿಯನ್ನು ಕೊರೆದು ಬೆಂಚಿನ ಪಕ್ಕ ಇಡಿ. ಬೆರಳಲ್ಲಿ ನಡೆಯಬಹುದು. ಕಣ್ಣು ಕಾಣದ ಒಬ್ಬರು ನಮ್ಮಲ್ಲಿ ಅದನ್ನು ದಿನಾ ನಡೆಯುತ್ತಾರೆ.

ಗಿಡಗಳು

ನಿಮ್ಮ ಹವೆಗೆ ಯಾವ ಗಿಡ ಬರುತ್ತದೆ ಎಂಬುದು ಅಕ್ಕಪಕ್ಕದ ಮನೆಯ ಅಂಗಳ ನೋಡಿದರೆ ಗೊತ್ತಾಗುತ್ತದೆ. ಧ್ಯಾನದ ತೋಟಕ್ಕೆ ನಾನು ಗಿಡ ಆರಿಸುವುದು ಬಣ್ಣ ನೋಡಿ ಅಲ್ಲ. ಬೆಂಚಿನ ಪಕ್ಕ ಮುಟ್ಟಿದರೆ ಘಮ್ಮೆನ್ನುವ ಎಲೆ, ಅಂದರೆ ಪುದೀನ, ರೋಸ್‌ಮೇರಿ ಥರದವು. ಗಾಳಿಗೆ ಅಲುಗಾಡುವ ಉದ್ದ ಹುಲ್ಲು ಎದುರಿಗೆ. ಸಂಜೆ ಬರುವವರಿಗೆ ಬಿಳಿ ಹೂ, ಕತ್ತಲಾದರೂ ಕಾಣುತ್ತದೆ. ಬಣ್ಣ ಬಣ್ಣದ ಹೂವನ್ನೆಲ್ಲ ಗೇಟಿನ ಹತ್ತಿರ ಹಾಕಿ, ಅದೂ ಬೇಕು.

ಕತೆ ಇರುವ ಗಿಡ ಒಂದಾದರೂ ಇರಲಿ. ಪ್ಯಾಷನ್ ಹೂವಿನ ಬಳ್ಳಿ ತೋರಿಸಿ, ಯೇಸು ಶಿಲುಬೆಯಲ್ಲಿ ಪಟ್ಟ ಪಾಡು ಈ ಹೂವಿನಲ್ಲೇ ಇದೆ ಎಂದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ನಡುವಿನ ಎಳೆಗಳು ಮುಳ್ಳಿನ ಕಿರೀಟ, ಮೇಲಿನ ಮೂರು ಕಡ್ಡಿ ಮೊಳೆಗಳು, ಕೆಳಗಿನ ಐದು ಕೇಸರ ಐದು ಗಾಯ, ಹತ್ತು ದಳ ಹತ್ತು ಶಿಷ್ಯರು. ಹನ್ನೆರಡರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನನ್ನೂ, ಅವರನ್ನು ಅರಿಯೆ ಎಂದ ಪೇತ್ರನನ್ನೂ ಬಿಟ್ಟು ಲೆಕ್ಕ. ಬಳ್ಳಿಯನ್ನು ಹಳೇ ಸುಣ್ಣದ ಗಾರೆಯ ಗೋಡೆಗೆ ಮಾತ್ರ ಹಬ್ಬಿಸಬೇಡಿ. ಗೋಡೆಯಿಂದ ಒಂದು ಗೇಣು ಬಿಟ್ಟು ತಂತಿ ಕಟ್ಟಿ, ಅದರ ಮೇಲೆ ಹಬ್ಬಲಿ. ಕಣಗಿಲೆ ಬೇಡ. ಚೆಂದದ ಹೂವೇ, ಆದರೆ ಬೇರಿನಿಂದ ಎಲೆಯವರೆಗೂ ವಿಷ, ಮಕ್ಕಳು ಓಡಾಡುವ ಜಾಗ.

ತರಕಾರಿ ಮಡಿಗಳನ್ನು ಕಟ್ಟಡದ ಗೋಡೆಗೆ ತಾಗಿಸಿ ಮಾಡಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುತ್ತಿತ್ತು. ದಶಕಗಳಿಂದ ಉದುರಿದ ಚಕ್ಕೆ ಗೋಡೆ ಬುಡದ ಮಣ್ಣಿನಲ್ಲೇ ಸೇರಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅಥವಾ ಹೊಸ ಮಣ್ಣು ತುಂಬಿದ ಏರುಮಡಿ ಮಾಡಿ. ಮಡಿಗೆ ಹಳೇ ರೈಲ್ವೆ ಸ್ಲೀಪರ್ ಮರ ಬಳಸಬೇಡಿ, ಅದಕ್ಕೆ ಹಚ್ಚಿದ ಎಣ್ಣೆ ಒಳ್ಳೆಯದಲ್ಲ. ಎರಡೂ ಕಡೆಯಿಂದ ಕೈ ಎಟಕುವಂತಿದ್ದರೆ ಮಡಿಯ ಅಗಲ 120 ಸೆಂಟಿಮೀಟರ್, ಒಂದೇ ಕಡೆಯಾದರೆ 60. ಒಂದು ಮಡಿಯಾದರೂ 70 ಸೆಂಟಿಮೀಟರ್ ಎತ್ತರ ಇರಲಿ, ಗಾಲಿ ಕುರ್ಚಿಯಲ್ಲಿ ಕೂತವರಿಗೂ, ಬಗ್ಗಲು ಆಗದವರಿಗೂ.

ತರಕಾರಿ ಅಂದರೆ ಮಾತು, ನಗು, ಪೈಪಿಗೆ ಜಗಳ. ಧ್ಯಾನ ಅಂದರೆ ಮೌನ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ನಾವು ತರಕಾರಿಯನ್ನು ನಲ್ಲಿಯ ಆಚೆ ಬದಿಗೆ ಸರಿಸಿ ನಡುವೆ ಎದೆಯೆತ್ತರದ ಬೇಲಿ ಗಿಡ ಹಾಕಿದೆವು. ಮಾತು ಕೇಳಿಸುತ್ತದೆ, ಆದರೆ ದೂರದಿಂದ. ಒಂಟಿಯಾಗಿ ಕೂತವರಿಗೆ ಆ ದೂರದ ಮಾತು ಹಿತವೇ ಅಂತೆ.

ಒಂದು ಮೂಲೆಯನ್ನು ಮುಟ್ಟದೆ ಬಿಡಿ. ಅಸಿಸಿಯ ಸಂತ ಫ್ರಾನ್ಸಿಸ್ ತೋಟದ ಕೆಲಸ ಮಾಡುವ ಸಹೋದರನಿಗೆ, ಎಲ್ಲ ನೆಲವನ್ನೂ ತರಕಾರಿಗೆ ಅಗೆಯಬೇಡ, ಕಾಡು ಹೂಗಳಿಗೂ ಸ್ವಲ್ಪ ಬಿಡು ಎಂದರು ಎಂಬ ಕತೆ 13ನೇ ಶತಮಾನದಿಂದಲೂ ಇದೆ. ನಮ್ಮ ಆ ಮೂಲೆ ನೋಡಿ “ಇದನ್ನು ಯಾವಾಗ ಕ್ಲೀನ್ ಮಾಡ್ತೀರಿ?” ಎಂದು ಈಗಲೂ ಕೇಳುವವರಿದ್ದಾರೆ. ಅಲ್ಲೊಂದು ಸಣ್ಣ ಹಲಗೆ ನೆಟ್ಟೆವು: ‘ಇದು ಹೀಗೇ.’

ನೀರಿನ ತೊಟ್ಟಿ ಬೇಕೆಂದರೆ ಆಳ ಬೇಡ, ಹಕ್ಕಿ ಕುಡಿಯುವಷ್ಟು ಸಾಕು. ಸೊಳ್ಳೆ ಮೊಟ್ಟೆ ಒಂದು ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆ ಆಗುತ್ತದೆ. ಹಾಗಾಗಿ ವಾರಕ್ಕೆರಡು ಸಲ ನೀರು ಚೆಲ್ಲಿ ಬದಲಿಸಿ.

ಕಡೆಗೆ ಕಲೆ

ಇಲ್ಲಿ ನಾನು ಮಾಡಿದ ತಪ್ಪುಗಳಿಂದಲೇ ಶುರು ಮಾಡುತ್ತೇನೆ.

ಮೊದಲನೆಯದು ಗಾಳಿಗಂಟೆ. ಏಳು ಲೋಹದ ಕೊಳವೆಗಳು, ಒಂದೊಂದೂ ಮೊಣಕೈ ಉದ್ದ. ಕಟ್ಟಿದ ದಿನ ಇಂಪಾಗಿತ್ತು. ಎರಡು ವಾರದ ನಂತರ ಒಬ್ಬರ ಶವಸಂಸ್ಕಾರದ ಪ್ರಾರ್ಥನೆ ನಡೆಯುವಾಗ ಗಾಳಿ ಎದ್ದಿತು. ಶಾಲೆ ಬಿಟ್ಟ ಹಾಗೆ ಗಂಟೆ ಬಡಿಯತೊಡಗಿತು. ನಮ್ಮ ಹುಡುಗನೊಬ್ಬ ಓಡಿ ಹೋಗಿ ಏಳೂ ಕೊಳವೆಗಳನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಪ್ರಾರ್ಥನೆ ಮುಗಿಯುವವರೆಗೆ ನಿಂತಿದ್ದ. ಸದ್ದು ಮಾಡುವ ಯಾವುದನ್ನೂ ನಿಲ್ಲಿಸುವ ಉಪಾಯ ಇಲ್ಲದೆ ಹಾಕಬೇಡಿ.

ಎರಡನೆಯದು ಮೊಸಾಯಿಕ್. ಮಕ್ಕಳ ಜೊತೆ ಒಡೆದ ಟೈಲ್ ಚೂರುಗಳನ್ನು ಪ್ಲೈವುಡ್ ಮೇಲೆ ಬಿಳಿ ಗೋಂದಿನಲ್ಲಿ ಅಂಟಿಸಿದೆವು. ಮೀನು, ರೊಟ್ಟಿ, ದೊಡ್ಡದೊಂದು ದೋಣಿ. ಮೊದಲ ಮಳೆಗಾಲದಲ್ಲೇ ಪ್ಲೈವುಡ್ ಉಬ್ಬಿ ಮೀನಿನ ಬಾಲ ಉದುರಿತು. ಬಿಳಿ ಗೋಂದು ನೀರಿಗೆ ಕರಗುತ್ತದೆ. ಹೊರಗೆ ಇಡುವುದಕ್ಕೆ ಸಿಮೆಂಟ್ ಹಲಗೆ ಅಥವಾ ಕಾಂಕ್ರೀಟ್ ತಳ ಬೇಕು, ಟೈಲ್ ಅಂಟಿಸುವ ಸಿಮೆಂಟ್ ಗಾರೆ ಬೇಕು. ಚೂರುಗಳು ಗಾಜಿನವೋ ವಿಟ್ರಿಫೈಡ್ ಟೈಲಿನವೋ ಆಗಿರಲಿ. ಗೋಡೆಗೆ ಹಾಕುವ ಮೆತ್ತನೆ ಟೈಲ್ ನೀರು ಹೀರುತ್ತದೆ. ಟೈಲನ್ನು ಗೋಣಿಚೀಲದಲ್ಲಿ ಸುತ್ತಿ ಒಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಒಡೆಯುವ ಕೆಲಸ ದೊಡ್ಡವರದು, ಅಂಟಿಸುವುದು ಮಕ್ಕಳದು.

ಮೂರನೆಯದು, ತುಂಬಾ ಜಾಸ್ತಿ ಹಾಕಿದ್ದು. ಪ್ರತಿಯೊಬ್ಬರೂ ಏನಾದರೂ ಕೊಡುತ್ತಾರೆ, ಬೇಡ ಅನ್ನಲು ನಮಗೆ ಬಾಯಿ ಬರಲ್ಲ. ಒಂದು ಹಂತದಲ್ಲಿ ತೋಟ ಹಳೇ ಸಾಮಾನಿನ ಅಂಗಡಿ ಆಗಿತ್ತು. ಈಗ ಒಂದೇ ನಿಯಮ: ಒಂದು ಸೀಟಿನಲ್ಲಿ ಕೂತರೆ ಒಂದೇ ಕಲಾಕೃತಿ ಕಣ್ಣಿಗೆ ಬೀಳಬೇಕು. ಎರಡನೆಯದು ಕಂಡರೆ ಅದಕ್ಕೆ ಬೇರೆ ಜಾಗ. ತಾತನ ಬೆಂಚಿನಿಂದ ಯಾವ ಕಲಾಕೃತಿಯೂ ಕಾಣಲ್ಲ. ಅದಕ್ಕೆ ಈಗಾಗಲೇ ನೋಡುವುದು ಇದೆ.

ಕೈಗೆ ಸುಲಭವಾಗಿ ಬರುವ ಒಂದು ಕೆಲಸ ಹೇಳುತ್ತೇನೆ. ಒದ್ದೆ ಮರಳನ್ನು ಸಣ್ಣ ದಿಬ್ಬ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ದೊಡ್ಡದೊಂದು ಎಲೆಯನ್ನು ನರಗಳು ಮೇಲೆ ಬರುವಂತೆ ಅದರ ಮೇಲೆ ಹಾಸಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸಣ್ಣ ಮರಳು ಕಲಸಿ, ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಎಲೆಯ ಅಂಚಿನವರೆಗೂ ಮೆತ್ತಿ. ಕೈಗವಸು ಹಾಕಿಕೊಳ್ಳಿ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಪ್ಲಾಸ್ಟಿಕ್ ಮುಚ್ಚಿ ಎರಡು ದಿನ ಬಿಡಿ. ಆಮೇಲೆ ಮಗುಚಿ ಎಲೆ ಸುಲಿದರೆ ನರನರವೂ ಅಚ್ಚಾದ ಬಟ್ಟಲು. ಹಕ್ಕಿ ನೀರು ಕುಡಿಯಲು ಅದೇ ಸಾಕು. ಶಿಲ್ಪಿ ಬೇಡ, ಅಚ್ಚು ಬೇಡ. ಚಿತ್ರ ಬಿಡಿಸಲು ಬರಲ್ಲ ಎಂದು ಹಿಂದೆ ಸರಿಯುವವರನ್ನು ಇದಕ್ಕೆ ಕೂರಿಸಿ.

ಶಿಲುಬೆ ಹಾದಿ, ಅಂದರೆ ಯೇಸುವಿನ ಕೊನೆಯ ಪಯಣದ ಒಂದೊಂದು ಘಟನೆಯನ್ನೂ ಒಂದೊಂದು ಸ್ಥಳದಲ್ಲಿ ನಿಂತು ನೆನೆಯುವ ಹಾದಿ, ಮಾಡುವವರಿಗೆ ಒಂದು ಮಾತು. ಸ್ಥಳಗಳು 14 ಎಂದು ನಿಗದಿಯಾದದ್ದು 1731ರಲ್ಲಿ, ಪೋಪ್ 12ನೇ ಕ್ಲೆಮೆಂಟ್ ಕಾಲದಲ್ಲಿ. ಹದಿನಾಲ್ಕು ದೊಡ್ಡ ಪ್ರತಿಮೆಗಳು ತೋಟವನ್ನೇ ನುಂಗುತ್ತವೆ. ನಾವು ಅಂಗೈ ಅಗಲದ ಹದಿನಾಲ್ಕು ಸುಟ್ಟ ಮಣ್ಣಿನ ಬಿಲ್ಲೆ ಮಾಡಿದೆವು, ಒಂದು ಮನೆಗೆ ಒಂದು. ಹನ್ನೊಂದನೆಯದನ್ನು, ಅಂದರೆ ಮೊಳೆ ಹೊಡೆಯುವುದನ್ನು, ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಪಕ್ಕದ ಬೀದಿಯ ಬಡಗಿಯೊಬ್ಬರು ಮಾಡಿಕೊಟ್ಟರು. ಅವರು ನಮ್ಮ ಚರ್ಚಿನವರಲ್ಲ, ಯಾವ ಚರ್ಚಿನವರೂ ಅಲ್ಲ. ಆ ಬಿಲ್ಲೆಯಲ್ಲಿ ಮನುಷ್ಯರೇ ಇಲ್ಲ, ಮೂರು ಮೊಳೆ ಮತ್ತು ನೆಲದ ಮೇಲೆ ಇಟ್ಟ ಒಂದು ಸುತ್ತಿಗೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಹೆಚ್ಚು ಉರಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನ ಬಿಲ್ಲೆಯೇ ಬೇಕು, ಮೆತ್ತಗೆ ಸುಟ್ಟದ್ದು ಸೀಳುತ್ತದೆ.

ಕಲ್ಲಿನ ಮೇಲೆ ಬೈಬಲಿನ ವಚನ ಕೆತ್ತಿಸುವುದಾದರೆ ಎಲ್ಲರೂ ಆರಿಸುವುದು ಕೀರ್ತನೆ 46ರ ‘ಸುಮ್ಮನಿರಿ’ ಎಂಬರ್ಥದ ಸಾಲನ್ನೇ. ತಪ್ಪಲ್ಲ. ಆದರೆ ಸುಮ್ಮನೆ ಕೂತವರಿಗೆ ಸುಮ್ಮನಿರಿ ಎಂದು ಕಲ್ಲಿನಲ್ಲಿ ಕೆತ್ತಿ ಹೇಳುವುದು ಯಾಕೋ ನನಗೆ ಸರಿಬರಲಿಲ್ಲ.

ಹೊರಗಿನ ಕಲಾವಿದರಿಂದ ಮಾಡಿಸಿದರೆ ಒಂದು ಹಾಳೆ ಒಪ್ಪಂದ ಬರೆದುಕೊಳ್ಳಿ. ಎಷ್ಟು ವರ್ಷ ಇಡುತ್ತೀರಿ, ಮುರಿದರೆ ರಿಪೇರಿ ಯಾರದು, ತೆಗೆಯುವಾಗ ಯಾರಿಗೆ ವಾಪಸು. ‘ಶಾಶ್ವತ’ ಎಂಬ ಪದ ಬರೆಯಬೇಡಿ, ಐದು ವರ್ಷ ಎಂದು ಬರೆದು ಆಮೇಲೆ ಮುಂದುವರಿಸಿ. ತುಕ್ಕಿನ ಬಣ್ಣದ ಉಕ್ಕಿನ ಕೆಲಸವಾದರೆ ಕೆಳಗೆ ಜಲ್ಲಿ ಹಾಕಿ, ಬಿಳಿ ಕಲ್ಲಿನ ಮೇಲೆ ಇಟ್ಟರೆ ಕಲೆ ಹೋಗಲ್ಲ. ಈ ಕಲೆ ಆ ಕಲೆ ಅಲ್ಲ!

ಆಮೇಲಿನ ವರ್ಷಗಳು

ಉದ್ಘಾಟನೆಗೆ ನೂರು ಜನ ಬರುತ್ತಾರೆ, ಮೂರನೇ ತಿಂಗಳಿಗೆ ನೀರು ಹಾಕಲು ಮೂರು ಜನ. ಆ ಮೂವರ ಲೆಕ್ಕದಲ್ಲೇ ತೋಟದ ಅಳತೆ ಇಟ್ಟುಕೊಳ್ಳಿ. ಮಡಿಗಳಿಗೆ 5ರಿಂದ 8 ಸೆಂಟಿಮೀಟರ್ ತರಗೆಲೆ ಹೊದಿಕೆ ಹಾಕಿದರೆ ನೀರೂ ಉಳಿಯುತ್ತದೆ, ಕಳೆಯೂ ಕಡಿಮೆ. ಗಿಡದ ಬುಡಕ್ಕೆ ತಾಗದಂತೆ ಸ್ವಲ್ಪ ಬಿಟ್ಟು ಹಾಕಿ. ಪೂಜೆಯ ನಂತರ ಇಪ್ಪತ್ತು ನಿಮಿಷ ಎಂದು ಕರೆದರೆ ಜನ ಬರುತ್ತಾರೆ, ಶನಿವಾರ ಪೂರ್ತಿ ಎಂದರೆ ಬರಲ್ಲ. ಬೆಳೆದ ತರಕಾರಿ ಯಾರಿಗೆ ಎಂಬುದನ್ನು ಬೀಜ ಹಾಕುವ ಮೊದಲೇ ತೀರ್ಮಾನಿಸಿ. ಹಣ್ಣಾದ ಮೇಲೆ ಮಾತಾಡಲು ಹೋದರೆ ಜಗಳ ಗ್ಯಾರಂಟಿ.

ಒಂದು ವಿಷಯ ನಾವು ಎಣಿಸಿರಲೇ ಇಲ್ಲ. ಜನ ಏನೇನೋ ಬಿಟ್ಟು ಹೋಗುತ್ತಾರೆ. ಫೋಟೊ, ಮೇಣದ ಬತ್ತಿ, ಪ್ಲಾಸ್ಟಿಕ್ ಹೂ, ಒಮ್ಮೆ ಒಂದು ಮಗುವಿನ ಒಂದೇ ಬೂಟು. ಕಸ ಎಂದು ಎಸೆಯಲು ಕೈ ಬರಲ್ಲ, ಇಟ್ಟರೆ ರಾಶಿ ಬೀಳುತ್ತದೆ. ಈಗ ಗೋಡೆಗೆ ಒಂದು ಕಲ್ಲಿನ ಹಲಗೆ ಹಾಕಿದ್ದೇವೆ, ಇಡುವುದಿದ್ದರೆ ಅಲ್ಲೇ ಇಡಿ ಎಂದು. ಪ್ರತಿ ತಿಂಗಳ ಮೊದಲ ಸೋಮವಾರ ತೆರವು ಮಾಡುತ್ತೇವೆ ಎಂದು ಅಲ್ಲೇ ಬರೆದಿದ್ದೇವೆ. ತೆಗೆದದ್ದನ್ನು ಒಂದು ಪೆಟ್ಟಿಗೆಯಲ್ಲಿ ಮೂರು ತಿಂಗಳು ಇಟ್ಟಿರುತ್ತೇವೆ. ಬೂಟು ಇನ್ನೂ ಪೆಟ್ಟಿಗೆಯಲ್ಲಿದೆ. ಅದರ ಮೂರು ತಿಂಗಳು ಮುಗಿದು ವರ್ಷವಾಯಿತು.

ಸಾಮಾನಿನ ಪೆಟ್ಟಿಗೆಗೆ ನಂಬರ್ ಬೀಗ ಹಾಕಿ, ಕೀಲಿ ಇರುವವರು ಯಾವಾಗಲೂ ಊರಲ್ಲಿರಲ್ಲ. ಒಳಗೆ ಎರಡು ಸಲಿಕೆ, ಒಂದು ಗುದ್ದಲಿ, ಕತ್ತರಿ, ಕೈಗವಸು, 60 ಸೆಂಟಿಮೀಟರಿನ ಆ ಕೋಲು ಇರಲಿ. ವರ್ಷಕ್ಕೊಮ್ಮೆ ಲ್ಯಾಬಿರಿಂತಿನ ಕಲ್ಲುಗಳು ಕುಸಿದಿರುತ್ತವೆ, ಎಬ್ಬಿಸಿ ಕೂರಿಸಬೇಕು. ಕಳೆ ತುಂಬಲು ಒಂದೆರಡು ಬಕೆಟ್ ಹೊಸದಾಗಿಯೇ ಕೊಳ್ಳಿ. ನಮ್ಮಲ್ಲಿಗೆ ಬಂದು ಕೈಜೋಡಿಸುವವರಿದ್ದರೆ ಬನ್ನಿ, ನಲ್ಲಿ ಪಕ್ಕದ ಬಕೆಟ್ ಒಂದನ್ನು ಮಾತ್ರ ಮುಟ್ಟಬೇಡಿ.